ಬೀಗದೊಳಗಿನ ಫೋನುಗಳು

ನರ್ಸಿಂಗ್ ಓದುವಾಗ ನಾನು ಐದು ನಂಬರು ಬಾಯಿಪಾಠ ಮಾಡಿದ್ದೆ. 108 ಆಂಬುಲೆನ್ಸಿಗೆ. 112 ಪೊಲೀಸು, ಬೆಂಕಿ, ಯಾವುದೇ ತುರ್ತಿಗೆ. 1098 ಮಕ್ಕಳಿಗೆ. 181 ಹೆಂಗಸರಿಗೆ. 104 ಆರೋಗ್ಯದ ಸಲಹೆಗೆ. ಸಮುದಾಯ ಆರೋಗ್ಯದ ಪೇಪರಿನಲ್ಲಿ ಇದು ಐದು ಅಂಕದ ಪ್ರಶ್ನೆಯಾಗಿ ಬಂತು, ನನಗೆ ಐದಕ್ಕೆ ಐದೂ ಸಿಕ್ಕಿತು. ಆ ಉತ್ತರವನ್ನು ನಾನು ಬರೆದದ್ದು ಆ ಭಾನುವಾರ ಕಳೆದು ಎರಡು ತಿಂಗಳಾದ ಮೇಲೆ. ಬರೆಯುವಾಗ ಒಂದು ಅಂಕಿಯೂ ತಪ್ಪಲಿಲ್ಲ. ತಪ್ಪಬೇಕಿತ್ತು ಅಂತ ಈಗ ಅನಿಸುತ್ತದೆ.

ನಮ್ಮ ಮನೆ ಭಟ್ಕಳದ ಬಂದರಿನ ಹತ್ತಿರ. ಅಪ್ಪ ಬೋಟಿಗೆ ಹೋಗುತ್ತಿದ್ದ, ಅಮ್ಮ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಅವಳು ಮೀನು ಕೊಡುವ ಮನೆಗಳಲ್ಲಿ ಮುಕ್ಕಾಲು ಪಾಲು ಗಂಡಸರು ದುಬೈ, ಸೌದಿ ಅಂತ ಹೊರಗೆ ಇದ್ದವರು. ಅಲ್ಲಿ ನರ್ಸುಗಳಿಗೆ ಎಷ್ಟು ಮರ್ಯಾದೆ ಎಂಬುದನ್ನು ಆ ಮನೆಗಳ ಹೆಂಗಸರ ಬಾಯಿಂದ ಕೇಳಿ ಕೇಳಿಯೇ ಅಮ್ಮ ನನ್ನನ್ನು ನರ್ಸಿಂಗಿಗೆ ಸೇರಿಸಿದ್ದು. ಕುಮಟಾದ ಕಡೆಯ ಒಂದು ಖಾಸಗಿ ನರ್ಸಿಂಗ್ ಶಾಲೆ. ಹೆಸರು ಬರೆಯುವುದಿಲ್ಲ. ಸೇರುವ ದಿನವೇ ನಮ್ಮ ಹತ್ತನೇ ತರಗತಿಯ, ಪಿಯುಸಿಯ ಮೂಲ ಅಂಕಪಟ್ಟಿಗಳನ್ನು ಆಫೀಸಿನಲ್ಲಿ ತೆಗೆದಿಟ್ಟುಕೊಂಡರು. ಕೋರ್ಸು ಮುಗಿಯುವವರೆಗೆ ಅವು ಅಲ್ಲೇ.

ಹಾಸ್ಟೆಲು ಅಂದರೆ ಹೊಳನಗದ್ದೆಯಲ್ಲಿ ಗದ್ದೆಯ ನಡುವೆ ಬಾಡಿಗೆಗೆ ಹಿಡಿದ ಒಂದು ಹಳದಿ ಟೆರೇಸ್ ಮನೆ. ಸುತ್ತ ಕಲ್ಲಿನ ಪಾಗಾರ, ಮುಂದೆ ಕಬ್ಬಿಣದ ಗೇಟು. ಹದಿನಾಲ್ಕು ಹುಡುಗಿಯರು, ಒಬ್ಬರು ವಾರ್ಡನ್. ನಮ್ಮ ಫೋನುಗಳು ಹಾಲಿನ ಕಬ್ಬಿಣದ ಕಪಾಟಿನಲ್ಲಿ ಇರುತ್ತಿದ್ದವು. ಒಂದೊಂದಕ್ಕೂ ರೋಲ್ ನಂಬರಿನ ಚೀಟಿ ಅಂಟಿಸಿತ್ತು. ಸಂಜೆ ಆರರಿಂದ ಏಳು ಗಂಟೆ ಫೋನು ನಮ್ಮದು, ಏಳಕ್ಕೆ ವಾಪಸು. ನಮಗಿಂತ ಮುಂಚಿನ ಬ್ಯಾಚಿನ ಒಬ್ಬಳು ಹುಡುಗನ ಜೊತೆ ಓಡಿಹೋದದ್ದೇ ಇದಕ್ಕೆ ಕಾರಣವಂತೆ. ಆ ಹುಡುಗಿಯನ್ನು ನಾವು ಯಾರೂ ಕಂಡವರಲ್ಲ, ಶಿಕ್ಷೆ ಮಾತ್ರ ನಮಗೆ ಬಂತು. ಕಪಾಟಿನ ಕೀಲಿಯೂ ಗೇಟಿನ ಕೀಲಿಯೂ ಒಂದೇ ಗೊಂಚಲಿನಲ್ಲಿ ವಾರ್ಡನ್ನರ ಪರ್ಸಿನಲ್ಲಿದ್ದವು.

ನನ್ನ ರೂಮಿನಲ್ಲಿದ್ದವಳು ಮಂಕಿಯ ಹುಡುಗಿ. ಹಾಸ್ಟೆಲಿನಲ್ಲಿ ಒಬ್ಬರನ್ನೊಬ್ಬರು ಊರ ಹೆಸರಿನಿಂದಲೇ ಕರೆಯುವ ರೂಢಿ. ನಾನು ಭಟ್ಕಳ, ಅವಳು ಮಂಕಿ. ಇಂಗ್ಲಿಷಿನ ಮಂಕಿ ಅಂತ ಯಾರಾದರೂ ನಕ್ಕರೆ, 'ಹೌದೇ, ತೆಂಗಿನ ಮರ ಹತ್ತೂಕೂ ಬತ್ತದೆ ನಂಗೆ' ಅಂತ ಅವರಿಗಿಂತ ಜೋರಾಗಿ ತಾನೇ ನಗುತ್ತಿದ್ದಳು. ಅವಳ ಅಪ್ಪ ಗೋವೆಯ ಕಡೆ ಬೋಟಿನ ಕೆಲಸಕ್ಕೆ ಹೋದವನು ಮನೆಗೆ ಬರುವುದೇ ಬಿಟ್ಟಿದ್ದ. ತಾಯಿ ತೆಂಗಿನ ತೋಟಗಳಲ್ಲಿ ಕೂಲಿ ಮಾಡಿ, ಗರಿಯ ಮಡಲು ನೇಯ್ದು ಇವಳನ್ನು ಓದಿಸುತ್ತಿದ್ದಳು. ಇವಳ ಅಕ್ಷರ ಅಚ್ಚು ಹಾಕಿದ ಹಾಗೆ. ಕ್ಲಾಸಿನಲ್ಲಿ ಯಾರಿಗೆ ಚಾರ್ಟು ಬೇಕಾದರೂ ಬರೆದುಕೊಡುವವಳು ಅವಳೇ.

ಎರಡನೇ ವರ್ಷದಲ್ಲಿ ಸಮುದಾಯ ಆರೋಗ್ಯ ಕಲಿಸುವ ಮೇಡಂ ಸಹಾಯವಾಣಿ ನಂಬರುಗಳ ಪಾಠ ಮಾಡಿದರು. ಒಳ್ಳೆಯ ಪಾಠವೇ. 'ಇದು ನಿಮ್ಮ ನಾಲಿಗೆ ತುದಿಯಲ್ಲಿರಬೇಕು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬೇಕು' ಅಂದರು. ಆಮೇಲೆ ನಮ್ಮನ್ನು ಇಬ್ಬಿಬ್ಬರಾಗಿ ಹೊಳನಗದ್ದೆಯ ಮನೆಗಳಿಗೆ ಕಳಿಸಿದರು. ನನ್ನ ಜೋಡಿ ಅವಳೇ. ಚಾವಡಿಯಲ್ಲಿ ಕೂತ ಹೆಂಗಸರಿಗೆ ಅವಳು ಚಾರ್ಟು ಬಿಡಿಸಿ ತೋರಿಸುತ್ತಿದ್ದಳು. 'ಮೊದ್ಲು ಊರು ಹೇಳಿ, ಮನೆ ಗುರುತು ಹೇಳಿ, ಆಮೇಲೆ ಎಂತ ಆತು ಅಂತ ಹೇಳಿ. ಅವ್ರು ಇಡಿ ಅನ್ನೂವರೆಗೆ ಫೋನು ಇಡಬೇಡಿ.' ನಾನು ಪಕ್ಕದಲ್ಲಿ ನಿಂತು ರಿಜಿಸ್ಟರಿನಲ್ಲಿ ಸಹಿ ತಗೊಳ್ಳುತ್ತಿದ್ದೆ.

ಆ ಭಾನುವಾರ ಹಾಸ್ಟೆಲಿನಲ್ಲಿ ಆರು ಜನ ಇದ್ದೆವು. ಪರೀಕ್ಷೆ ಹತ್ತಿರ ಬಂದಿತ್ತು ಅಂತ ಊರಿಗೆ ಹೋಗಿರಲಿಲ್ಲ. ವಾರ್ಡನ್ ಬೆಳಿಗ್ಗೆ ಹೊನ್ನಾವರದಲ್ಲಿ ಯಾವುದೋ ಗೃಹಪ್ರವೇಶಕ್ಕೆ ಹೊರಟರು. 'ಮಧ್ಯಾಹ್ನದ ಊಟಕ್ಕೆ ಬೆಳಗಿನ ಚಿತ್ರಾನ್ನ ಇದೆ, ಓದಿಕೊಳ್ಳಿ' ಅಂದು ಗೇಟಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋದರು. ಅದು ಹೊಸದೇನೂ ಅಲ್ಲ. ಅವರು ಎಲ್ಲಿಗೆ ಹೋದರೂ ಹಾಗೆಯೇ ಹೋಗುತ್ತಿದ್ದುದು.

ನಾಲ್ಕು ದಿನದ ಮಳೆ ಬಿಟ್ಟು ಬಿಸಿಲು ಬಂದಿತ್ತು. ಸೋಮವಾರಕ್ಕೆ ಬೇಕಾದ ಯೂನಿಫಾರಂ ತೊಳೆದು ಹಿತ್ತಲಿನ ತಂತಿಗೆ ಹಾಕಿದ್ದೆವು. ಹತ್ತೂವರೆ ಹೊತ್ತಿಗೆ ಮಂಕಿಯವಳ ಕೋಟು ಗಾಳಿಗೆ ಹಾರಿ ಪಾಗಾರದ ಬುಡದಲ್ಲಿದ್ದ ಒಣ ಮಡಲುಗಳ ಮೇಲೆ ಬಿತ್ತು. ಎತ್ತಿಕೊಳ್ಳಲು ಹೋದಳು. ನಾನು ಬಾವಿಕಟ್ಟೆಯ ಹತ್ತಿರ ಇದ್ದೆ. ಅವಳು ಕೂಗಲಿಲ್ಲ. ಒಂದು ಹೆಜ್ಜೆ ಹಿಂದೆ ಬಂದು, ಬಗ್ಗಿ ಕಾಲು ನೋಡಿಕೊಂಡು, 'ಏ ಭಟ್ಕಳಾ, ಹಾವು ಕಚ್ತು' ಅಂದಳು. ಮಡಲಿನಡಿ ಜಾರಿಹೋಗುತ್ತಿದ್ದ ಬೆನ್ನನ್ನು ನಾನೂ ಕಂಡೆ. ದಪ್ಪ ಮೈ, ಸರಪಳಿಯ ಹಾಗೆ ಕಂದು ಬಳೆಗಳು. ಕೊಳಕುಮಂಡಲ.

ಏನು ಮಾಡಬೇಕು ಎಂಬುದು ನಮಗೆ ಗೊತ್ತಿತ್ತು. ನಡೆಸಬಾರದು, ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಕಾಲು ಅಲುಗದ ಹಾಗೆ ಇಡಬೇಕು, ತಕ್ಷಣ 108ಕ್ಕೆ ಫೋನು ಮಾಡಬೇಕು. ನಾವು ಅವಳನ್ನು ಎತ್ತಿ ಹಾಲಿಗೆ ತಂದು ಮಲಗಿಸಿದೆವು. ಸ್ಕೇಲು ಇಟ್ಟು, ಶಾಲು ಸುತ್ತಿ ಕಾಲು ನೇರ ಮಾಡಿದೆವು. ಅಷ್ಟು ಮಾಡಿದ ಮೇಲೆ ಆರು ಜನವೂ ಕಪಾಟಿನ ಕಡೆ ನೋಡಿದೆವು.

ನಾನು ಅಡುಗೆಮನೆಗೆ ಓಡಿ ರುಬ್ಬುವ ಗುಂಡುಕಲ್ಲು ಎತ್ತಿಕೊಂಡು ಬಂದೆ. ಮೂರನೇ ವರ್ಷದ ಅಕ್ಕ ಒಬ್ಬರಿದ್ದರು, ನಮ್ಮೆಲ್ಲರಿಗಿಂತ ದೊಡ್ಡವರು. ಅವರು ಅಡ್ಡ ನಿಂತರು.

'ಇದು ಸಂಸ್ಥೆಯ ಕಪಾಟು. ಒಡೆದ್ರೆ ಯಾರು ಜವಾಬ್ದಾರಿ?'

'ನಾನು' ಅಂದೆ.

'ನೀನು ಅಂದ್ರೆ ಆಗ್ತದಾ? ನಮ್ಮೆಲ್ಲರ ಮಾರ್ಕ್ಸ್ ಕಾರ್ಡು ಅವ್ರ ಹತ್ರ ಇದೆ. ನಂಗೆ ಇನ್ನು ಎರಡೇ ತಿಂಗಳು ಉಳ್ದದ್ದು.'

ಇನ್ನೊಬ್ಬಳು, 'ಹೋದ ಸಲ ಕಿಟಕಿ ಗಾಜು ಒಡೆದವಳನ್ನ ಹದಿನೈದು ದಿವ್ಸ ಮನೆಗೆ ಕಳ್ಸಿದ್ರಲ್ಲ' ಅಂದಳು. ಮತ್ತೊಬ್ಬಳು, ವಾರ್ಡನ್ ಹನ್ನೊಂದಕ್ಕೆಲ್ಲ ಬಂದೇ ಬರುತ್ತಾರೆ ಅಂದಳು. ಯಾಕೆ ಬರುತ್ತಾರೆ, ಗೃಹಪ್ರವೇಶದ ಊಟ ಬಿಟ್ಟು? ಆದರೂ ಆ ಮಾತು ನಮಗೆಲ್ಲ ಹಿತವಾಗಿ ಕೇಳಿಸಿತು. ಮಲಗಿದ್ದಲ್ಲಿಂದ ಮಂಕಿಯವಳೇ ಹೇಳಿದಳು: 'ಒಡೀಬೇಡ್ರೇ. ನನ್ನ ಸಲುವಾಗಿ ನಿಮಗೆಲ್ಲ ತ್ರಾಸು ಯಾಕೆ? ನೋವು ಅಷ್ಟೆಂತ ಇಲ್ಲ.'

ನಾನು ಕಲ್ಲನ್ನು ಕೆಳಗಿಟ್ಟೆ.

ಹಾಲಿನಲ್ಲಿ ಗೋಡೆ ಗಡಿಯಾರವಿತ್ತು, ಆದ್ದರಿಂದ ಲೆಕ್ಕ ನನಗೆ ಸರಿಯಾಗಿ ಗೊತ್ತು. ಕಲ್ಲು ಇಟ್ಟದ್ದು ಹತ್ತು ಮುಕ್ಕಾಲಿಗೆ. ಮತ್ತೆ ನಾನು ಎದ್ದದ್ದು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ನಡುವೆ ನಾವು ಗೇಟಿನ ಹತ್ತಿರ ನಿಂತು ಕೂಗಿದೆವು, ಗದ್ದೆಯಲ್ಲಿ ಯಾರೂ ಇರಲಿಲ್ಲ. ಮತ್ತೆ ಒಳಗೆ ಬಂದು ಕಪಾಟಿನ ಎದುರು ನಿಂತೆವು. ಪಾಗಾರ ಹಾರಬಹುದು ಎಂಬುದು ಎಲ್ಲರಿಗೂ ಹೊಳೆದಿರಬೇಕು. ಹೇಳದೆ ಹೊರಗೆ ಹೋದವರನ್ನು ಹಾಸ್ಟೆಲಿನಿಂದಲೇ ತೆಗೆಯುವುದು ಎಂಬ ನಿಯಮವನ್ನು ಮುಂಬಾಗಿಲಿನ ಹಿಂದೆ ಅಂಟಿಸಿದ್ದರು. ಇಪ್ಪತ್ತೈದು ನಿಮಿಷ ನಾವು ಹೆದರಿಕೊಂಡಿದ್ದು ಹಾವಿನ ವಿಷಕ್ಕಲ್ಲ.

ಅವಳ ಕಾಲು ಮೊಣಕಾಲಿನವರೆಗೆ ಉಬ್ಬಿ ಬಂತು. ಒಮ್ಮೆ ವಾಂತಿ ಮಾಡಿದಳು. ಬಾಯಿ ಒರೆಸಿದ ಟವೆಲಿನಲ್ಲಿ ಕೆಂಪು ಕಂಡಿತು. ಒಸಡಿನಿಂದ ರಕ್ತ. ಪುಸ್ತಕದಲ್ಲಿ ಅದರ ಅರ್ಥ ಓದಿದ್ದೆ, ವಿಷ ರಕ್ತಕ್ಕೆ ಸೇರಿದೆ. ಎದ್ದವಳೇ ಹಿತ್ತಲಿಗೆ ಓಡಿ, ಬಾವಿಕಟ್ಟೆಯ ಮೇಲಿಂದ ಪಾಗಾರ ಹತ್ತಿ ಆಚೆ ಗದ್ದೆಗೆ ಹಾರಿದೆ.

ಮೊದಲ ಮನೆಗೆ ಬೀಗ. ಎರಡನೇ ಮನೆಯ ಅಂಗಳದಲ್ಲಿ ಒಬ್ಬ ಅಜ್ಜ ಹಾರೆಯಿಂದ ಕಾಯಿ ಸುಲಿಯುತ್ತಿದ್ದ. ತಿಂಗಳ ಹಿಂದೆ ನಾವಿಬ್ಬರೂ ಹೋಗಿ ಚಾರ್ಟು ತೋರಿಸಿದ್ದ ಮನೆಯೇ ಅದು. 'ಫೋನು ಕೊಡಿ' ಅಂದೆ. ಯಾಕೆ ಅಂತ ಕೇಳದೆ ಕೊಟ್ಟ. 108ರವರು ಎತ್ತಿದರು. ಹೆಣ್ಣು ದನಿ, ಸಮಾಧಾನದ ದನಿ. ಯಾವ ಊರು, ಏನಾಯಿತು, ಉಸಿರಾಟ ಹೇಗಿದೆ ಎಂದು ಕೇಳಿದರು. ಮನೆಯ ಗುರುತು ಕೇಳಿದಾಗ ನನಗೆ ಹೇಳಲು ಬರಲಿಲ್ಲ. ಒಂದೂವರೆ ವರ್ಷ ಇದ್ದ ಮನೆ ಯಾವ ರಸ್ತೆಯಲ್ಲಿದೆ ಎಂಬುದೇ ನನಗೆ ತಿಳಿಯದು. ಕಾಲೇಜಿನ ವ್ಯಾನು ಬಿಟ್ಟು ನಾನು ಓಡಾಡಿದವಳಲ್ಲ, ಚಾರ್ಟು ಹಿಡಿದು ಮನೆಗಳಿಗೆ ಹೋದದ್ದೂ ಅದರಲ್ಲೇ. ಅಜ್ಜ ಫೋನು ಇಸಕೊಂಡು ದಾರಿ ಹೇಳಿದ. ಆಮೇಲೆ ಅದೇ ಹಾರೆ ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆಯೇ ಬಂದು ಗೇಟಿನ ಬೀಗಕ್ಕೆ ಎರಡು ಪೆಟ್ಟು ಹಾಕಿದ. ಬೀಗ ಕಳಚಿ ಬಿತ್ತು.

'ಇಷ್ಟೇಯ. ಮೊದ್ಲೇ ಮುರೀಬಹುದಿತ್ತಲೇ ತಂಗೀ' ಅಂದ. ಬೈದದ್ದಲ್ಲ, ಸುಮ್ಮನೆ ಕೇಳಿದ್ದು.

ಆಂಬುಲೆನ್ಸು ಬೇಗ ಬಂತು. ಕುಮಟಾ ಆಸ್ಪತ್ರೆಯಲ್ಲಿ ಡಾಕ್ಟರರು ಔಷಧಿ ಶುರು ಮಾಡುತ್ತಲೇ, 'ಕಚ್ಚಿ ಎಷ್ಟು ಹೊತ್ತಾಯಿತು?' ಎಂದು ಕೇಳಿದರು.

'ಅರ್ಧ ಗಂಟೆ ಸರ್' ಅಂದೆ ನಾನು.

ಹಾಸಿಗೆಯ ಮೇಲಿದ್ದ ಅವಳು ತಲೆ ಅಲ್ಲಾಡಿಸಿದಳು. 'ಇಲ್ಲ ಸರ್. ಒಂದು ಗಂಟೆ ಮೇಲೇ ಆತು.'

ಡಾಕ್ಟರರು ನನ್ನ ಮುಖ ಒಮ್ಮೆ ನೋಡಿ, ಅವಳು ಹೇಳಿದ್ದನ್ನು ಬರೆದುಕೊಂಡರು.

ಮಧ್ಯಾಹ್ನ ವಾರ್ಡನ್ ಬಂದರು. ಗೃಹಪ್ರವೇಶದ ರೇಷ್ಮೆ ಸೀರೆಯಲ್ಲೇ ಇದ್ದರು. ವಾರ್ಡಿನ ಬಾಗಿಲಲ್ಲಿ ನನ್ನನ್ನು ತಡೆದು ಅವರು ಕೇಳಿದ ಮೊದಲನೇ ಮಾತು ಇದು: 'ಗೇಟಿನ ಬೀಗ ಒಡೆದದ್ದು ಯಾರು?'

ಡಾಕ್ಟರರು, ಮೂತ್ರ ಕಡಿಮೆಯಾಗಿದೆ, ಕಿಡ್ನಿ ನೋಡುವ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು ಎಂದರು. ಅಂದರೆ ಉಡುಪಿಯ ಕಡೆ. ನಮ್ಮ ಕರಾವಳಿಯವರಿಗೆ ಆ ದಾರಿ ಹೊಸದಲ್ಲ. ದೊಡ್ಡ ಕಾಯಿಲೆ ಬಂದವರೆಲ್ಲ ಹೈವೇ ಹಿಡಿದು ದಕ್ಷಿಣಕ್ಕೇ ಹೋಗುವುದು. ನಾನು ಜೊತೆಗೆ ಹತ್ತಿದೆ. ಹೊನ್ನಾವರ ದಾಟಿ ಮಂಕಿಯಲ್ಲಿ ಗಾಡಿ ಅರ್ಧ ನಿಮಿಷ ನಿಂತಿತು. ಆಸ್ಪತ್ರೆಯಿಂದ ಫೋನು ಹೋಗಿತ್ತು, ಅವಳ ತಾಯಿ ರಸ್ತೆ ಬದಿಯಲ್ಲಿ ಕಾಯುತ್ತಿದ್ದಳು. ತೋಟದಿಂದ ನೇರ ಬಂದಿರಬೇಕು, ಸೆರಗು ಸೊಂಟಕ್ಕೆ ಕಟ್ಟಿಕೊಂಡೇ ಇತ್ತು. ಹತ್ತಿ ಕೂತು ಮಗಳ ಹಣೆ ಮುಟ್ಟಿ, ನನ್ನ ಕಡೆ ತಿರುಗಿ, 'ನೀವೆಲ್ಲ ಡಾಕ್ಟರಿಕೆ ಓದೂವ ಮಕ್ಕಳು ಸುತ್ತ ಇದ್ದೀರಲ್ಲ ಮಗಾ, ಅದಕ್ಕೇ ನಂಗೆ ಅಷ್ಟು ಹೆದರಿಕೆ ಆಗಲಿಲ್ಲ' ಅಂದಳು. ಭಟ್ಕಳ ಬರುವವರೆಗೆ, ಭಟ್ಕಳ ದಾಟಿದ ಮೇಲೂ, ನಾನು ಆ ತಾಯಿಯ ಮುಖ ನೋಡಲಿಲ್ಲ.

ಅವಳು ಬದುಕಿದಳು. ಹಲವು ಸಲ ಡಯಾಲಿಸಿಸ್ ಆದ ಮೇಲೆ ಕಿಡ್ನಿ ಕೆಲಸಕ್ಕೆ ಮರಳಿತು. ಆದರೆ ಪಾದದ ಮೇಲಿನ ಮಾಂಸ ಕೊಳೆತು ಅದನ್ನು ತೆಗೆದು, ತೊಡೆಯ ಚರ್ಮ ತಂದು ಕೂಡಿಸಬೇಕಾಯಿತು. ಬೆರಳುಗಳು ಮಡಚುವುದಿಲ್ಲ. ಅರ್ಧ ಗಂಟೆ ನಿಂತರೆ ಕಾಲು ಉಬ್ಬುತ್ತದೆ. ನರ್ಸು ನಿಂತೇ ಕೆಲಸ ಮಾಡುವವಳು.

ಅವಳು ಆಸ್ಪತ್ರೆಯಲ್ಲಿ ಇರುವಾಗಲೇ ನಮ್ಮ ಐದೂ ಜನರನ್ನು ಕಾಲೇಜಿನ ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ಒಂದು ಹಾಳೆ ಟೈಪಾಗಿ ಸಿದ್ಧವಿತ್ತು. ಅದರಲ್ಲಿ ಬರೆದದ್ದು: ಹಾಸ್ಟೆಲಿನಲ್ಲಿ ವಿದ್ಯಾರ್ಥಿನಿಯರ ಬಳಕೆಗೆ ಫೋನು ಸದಾ ಲಭ್ಯವಿತ್ತು. ಗೇಟಿನ ಕೀಲಿ ಒಳಗೇ ಇತ್ತು. ಸದರಿ ವಿದ್ಯಾರ್ಥಿನಿ ನಿಷೇಧಿಸಿದ ಜಾಗಕ್ಕೆ ತಾನಾಗಿ ಹೋಗಿದ್ದಳು. ಕೆಳಗೆ ಐದು ಸಹಿಗೆ ಜಾಗ.

ನಾನು ಪೂರ್ತಿ ಓದಿದೆ. 'ಇದು ಹೀಗಲ್ಲ' ಅಂದೆ. ದನಿ ನನಗೇ ಕೇಳಿಸಿತೋ ಇಲ್ಲವೋ.

ಮೇಜಿನ ಆಚೆ ಕೂತವರು ಸಿಟ್ಟಾಗಲಿಲ್ಲ. 'ನಿನ್ನ ಅಮ್ಮ ಮೀನು ಮಾರಿ ಓದಿಸುತ್ತಿದ್ದಾಳಲ್ಲವೇ? ಹಾಲ್ ಟಿಕೆಟ್ ಮುಂದಿನ ವಾರ ಬರುತ್ತದೆ. ಯೋಚನೆ ಮಾಡು' ಅಂದರು.

ನಂಬರುಗಳ ಪಾಠ ಮಾಡಿದ ಮೇಡಂ ಕಿಟಕಿಯ ಹತ್ತಿರ ನಿಂತಿದ್ದರು. ನಾನು ಅವರ ಕಡೆ ನೋಡಿದೆ. ಅವರು ಹೊರಗಿನ ಸ್ಕೂಟರುಗಳನ್ನು ನೋಡುತ್ತಿದ್ದರು. ಅವರಿಗೂ ಮನೆಯಿತ್ತು, ಮಕ್ಕಳಿದ್ದರು ಅಂತ ಎಷ್ಟೋ ಸಲ ಅವರ ಪರವಾಗಿ ನಾನೇ ವಾದ ಮಾಡಿದ್ದೇನೆ. ಆ ವಾದ ಗೆದ್ದರೆ ನನ್ನದೂ ಗೆಲ್ಲುತ್ತದೆ, ಅದಕ್ಕೇ. ಮೂರನೇ ವರ್ಷದ ಅಕ್ಕ ಮೊದಲು ಸಹಿ ಮಾಡಿದರು. ನಾಲ್ಕನೆಯದು ನನ್ನದು.

ತಿಂಗಳಾದ ಮೇಲೆ ಅವಳ ತಾಯಿ ಕಾಲೇಜಿಗೆ ಬಂದಳು. ಆಫೀಸಿನಲ್ಲಿ ಆ ಹಾಳೆ ತೋರಿಸಿ ಕಳಿಸಿದ್ದರು. ಹೊರಗೆ ಬಾದಾಮಿ ಮರದ ಕೆಳಗೆ ನನ್ನನ್ನು ಕಂಡು ಹತ್ತಿರ ಬಂದಳು.

'ಆ ದಿವ್ಸ ಎಂತ ಆತು ಮಗಾ, ನೀನಾದ್ರೂ ಸಮಾ ಹೇಳು. ಇವ್ರು ಎಂತೆಂತದೋ ಓದಿ ಹೇಳ್ತ್ರು.'

'ನಂಗೆ ಕ್ಲಾಸಿದೆ ಅಮ್ಮಾ' ಅಂದೆ.

'ಆತು, ಹೋಗು. ಲಾಯ್ಕ ಮಾಡಿ ಓದು' ಅಂದಳು.

ಹಾಜರಾತಿ ಕಡಿಮೆಯಾಯಿತು ಅಂತ ಮಂಕಿಯವಳನ್ನು ಪರೀಕ್ಷೆಗೆ ಕೂರಿಸಲಿಲ್ಲ. ಅವಳು ಮರಳಿ ಬರಲೇ ಇಲ್ಲ. ಅವಳ ಟ್ರಂಕನ್ನು ನಾನೇ ಕಟ್ಟಿ ಬಸ್ಸಿಗೆ ಹಾಕಿಸಿದೆ. ಮುಂದಿನ ವರ್ಷ ತಪಾಸಣೆಯವರು ಬರುವ ಹೊತ್ತಿಗೆ, ಅವಳು ಬರೆದ ಸಹಾಯವಾಣಿ ಚಾರ್ಟಿಗೆ ಕಟ್ಟು ಹಾಕಿಸಿ ಹಾಸ್ಟೆಲಿನ ಹಾಲಿನಲ್ಲಿ, ಕಪಾಟಿನ ಪಕ್ಕದ ಗೋಡೆಗೆ ತೂಗುಹಾಕಿದರು. ತಪಾಸಣೆಯವರು ನಿಂತು ಓದಿ ಅಕ್ಷರ ಚೆನ್ನಾಗಿದೆ ಅಂದರು. ನಮ್ಮಲ್ಲಿ ಒಬ್ಬಳನ್ನು ಕರೆದು ನಂಬರು ಕೇಳಿದರು. ಅವಳು ಐದನ್ನೂ ತಡವರಿಸದೆ ಹೇಳಿದಳು. ಫೋನು ಎಲ್ಲಿದೆ ಅಂತ ಅವರು ಕೇಳಲಿಲ್ಲ.

ನಾನು ಪಾಸಾದೆ. ಹೊನ್ನಾವರದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ದಿನಾ ಭಟ್ಕಳದಿಂದ ಬಸ್ಸು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಮಂಕಿ ದಾಟಬೇಕು. ನಾಲ್ಕು ವರ್ಷ ನಾನು ಅವಳ ಮನೆಯ ದಾರಿ ಕಾಣದ ಆಚೆ ಬದಿಯ ಸೀಟಿನಲ್ಲೇ ಕೂತೆ.

ಈ ವರ್ಷ ಮಳೆಗಾಲಕ್ಕೆ ಮುಂಚೆ, ಪಾದದ ಗಾಯ ಮತ್ತೆ ಬಾಯಿ ಬಿಟ್ಟಿದೆ ಅಂತ ಅವಳೇ ನಮ್ಮ ಆಸ್ಪತ್ರೆಗೆ ಬಂದಳು. ಡ್ರೆಸ್ಸಿಂಗಿಗೆ ಕಳಿಸಿದ್ದು ನನ್ನ ಹತ್ತಿರ. ನಾನು ಗಾಯ ತೊಳೆದೆ, ಬ್ಯಾಂಡೇಜು ಕಟ್ಟಿದೆ. ಮನೆಯಲ್ಲಿ ಹೊಲಿಗೆ ಮಾಡುತ್ತೇನೆ ಅಂದಳು. ಎಡಗಾಲಿನಿಂದ ಮೆಷಿನ್ ತುಳಿಯುವುದು ರೂಢಿಯಾಗಿದೆಯಂತೆ. ಹೊರಡುವಾಗ, 'ನೀನು ಕಟ್ಟೂದು ಮೊದ್ಲಿಗಿಂತ ಸಮಾ ಆಯ್ದೆ' ಅಂದಳು. ಅಷ್ಟೇ.

ಅದಾದ ಮೇಲೆ ಒಂದು ವಾರ ಕೂತು ನಾನು ನಡೆದದ್ದನ್ನು ಬರೆದೆ. ಫೋನುಗಳು ಬೀಗದಲ್ಲಿದ್ದವು, ಗೇಟಿಗೆ ಹೊರಗಿನಿಂದ ಬೀಗ ಹಾಕಿತ್ತು, ನಮ್ಮಿಂದ ಸುಳ್ಳಿಗೆ ಸಹಿ ಹಾಕಿಸಿದರು ಅಂತ ಎರಡು ಪುಟ. ಕೆಳಗೆ ನನ್ನ ಸಹಿ, ರೋಲ್ ನಂಬರು. ರಜೆಯ ದಿನ ತೆಗೆದುಕೊಂಡು ಮಂಕಿಗೆ ಹೋದೆ. ತಾಯಿ ಅಂಗಳದಲ್ಲಿ ಮಡಲು ನೇಯುತ್ತಿದ್ದವಳು ಎದ್ದು ಕುರ್ಚಿ ತಂದಿಟ್ಟಳು. ಓದಲು ಬಾರದು ಅಂತ ಹಾಳೆಗಳನ್ನು ಮಗಳ ಕೈಗೆ ಕೊಟ್ಟಳು.

ಮಂಕಿಯವಳು ಮೆಷಿನ್ನಿನ ಮೇಲೆ ಹಾಳೆ ಹಾಸಿಕೊಂಡು ನಿಧಾನ ಓದಿದಳು. ಓದಿ ಮುಗಿಸಿ ಮತ್ತೆ ಮೊದಲನೇ ಪುಟ ತಿರುವಿದಳು.

'ನೀವು ಇಪ್ಪತ್ತೈದು ನಿಮಿಷ ಸುಮ್ನೆ ನಿಂತದ್ದು ಬರೀಲಿಲ್ಲ ನೀನು' ಅಂದಳು.

'ನೀನೇ ಒಡೀಬೇಡಿ ಅಂದದ್ದು' ಅಂತ ಬಾಯಿಗೆ ಬಂತು. ಬಂದೇಬಿಟ್ಟಿತು, ಹೇಳಿಯೇಬಿಟ್ಟೆ.

'ಹೌದು, ಅಂದೆ. ನಂಗೆ ಹಾವು ಕಚ್ಚಿತ್ತು. ನಿಮಗೆ ಕಚ್ಚಿರಲಿಲ್ಲ' ಅಂದಳು. ದನಿ ಏರಿಸಲಿಲ್ಲ.

ನಾನು ಪೆನ್ನು ಕೇಳಿ ಇಸಕೊಂಡು, ಮೂರನೇ ಪುಟದಲ್ಲಿ ಅದನ್ನೂ ಬರೆದೆ. ಕಲ್ಲು ಎತ್ತಿದ್ದು, ಕೆಳಗಿಟ್ಟದ್ದು, ಗಡಿಯಾರದ ಹೊತ್ತು. ಬರೆಯುವುದು ಮುಗಿಯುವವರೆಗೆ ಅವಳು ಪಕ್ಕದಲ್ಲಿ ಕೂತು ಒಂದು ರವಿಕೆಗೆ ಹುಕ್ಕು ಹಾಕುತ್ತಿದ್ದಳು. ತಾಯಿ ಚಹ ತಂದಳು. 'ಇದನ್ನ ಈಗ ಯಾರಿಗೆ ಕೊಡೂದು?' ಅಂತ ಕೇಳಿದಳು. ದೂರು ಎಲ್ಲಿಗೆ ಕಳಿಸಬಹುದು ಎಂದು ನಾನು ವಿಚಾರಿಸಿಕೊಂಡು ಬಂದಿದ್ದೆ, ಹೇಳಿದೆ. ಆಕೆ ಕೇಳಿಸಿಕೊಂಡು, ಹಾಳೆಗಳನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಟ್ಟಳು.

ಮಗಳು ಆಮೇಲೆ ಅದನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದಾಳೆ. ಮೂರು ತಿಂಗಳಾಯಿತು, ತಲುಪಿದೆ ಎಂಬ ಕಾರ್ಡು ಬಂದಿದೆ, ಬೇರೆ ಏನೂ ಬಂದಿಲ್ಲ. ಸುದ್ದಿ ಹೇಗೋ ಹಬ್ಬಿ, ಮೂರನೇ ವರ್ಷದ ಆ ಅಕ್ಕ ಮಸ್ಕತ್ತಿನಿಂದ ಫೋನು ಮಾಡಿ, 'ಮುಗಿದು ಹೋದದ್ದನ್ನ ಯಾಕೆ ಕೆದಕ್ತೆ, ನನ್ನ ಹೆಸರೂ ಬತ್ತದಲ್ಲ' ಅಂತ ನನ್ನನ್ನು ಬೈದರು. ಮಂಕಿಯವಳು ಡ್ರೆಸ್ಸಿಂಗಿಗೆ ಈಗ ನಮ್ಮ ಆಸ್ಪತ್ರೆಗೆ ಬರುವುದಿಲ್ಲ. ಮಂಕಿಯಲ್ಲೇ ಸರಕಾರಿ ಆಸ್ಪತ್ರೆಯ ಸಿಸ್ಟರ್ ಒಬ್ಬರು ಮಾಡಿಕೊಡುತ್ತಾರೆ, ಹತ್ತಿರವಾಗುತ್ತದೆ ಎಂದು ತಾಯಿ ಹೇಳಿದಳು. ಇರಬಹುದು.